ಮೂರಕ್ಷರದ ಮಹಾಪರಾಧ

2025ರ ನವೆಂಬರ್‌ನಲ್ಲಿ ಅಮೆರಿಕ ತನ್ನ ಒಂದು ಸೆಂಟ್ ನಾಣ್ಯಕ್ಕೆ ಎಳ್ಳುನೀರು ಬಿಟ್ಟಿತು. ಒಂದು ಸೆಂಟ್ ಹೊಡೆಯಲು ಮೂರೂವರೆ ಸೆಂಟಿಗಿಂತ ಜಾಸ್ತಿ ಖರ್ಚಾಗುತ್ತಿತ್ತಂತೆ. ಲೆಕ್ಕ ಸರಿಯೇ, ಬಿಡಿ. ಆದರೆ ಹೋಗೋ ಮುಂಚೆ ಕೊನೆಯ ಒಂದಷ್ಟು ನಾಣ್ಯಗಳ ಮೇಲೆ ಒಮೆಗಾ ಅಂತ ಗ್ರೀಕ್ ವರ್ಣಮಾಲೆಯ ಕೊನೆಯ ಅಕ್ಷರ ಒತ್ತಿ ಹರಾಜಿಗಿಟ್ಟರು. ಸರ್ಕಾರ ಅಕ್ಷರ ಒತ್ತಿದರೆ ಅದು ಸ್ಮರಣಿಕೆ. ನಾಣ್ಯ ರೂಪಿಸಿದವನು ಒತ್ತಿದರೆ?

ಅದೂ ಇದೇ ನಾಣ್ಯದ ಮೇಲೆ ಆಗಿಹೋಗಿದೆ. 1909ರ ಆಗಸ್ಟ್‌ನಲ್ಲಿ ಲಿಂಕನ್ ಮುಖದ ಹೊಸ ಸೆಂಟ್ ಬಂತು. ಲಿಥುವೇನಿಯಾದಿಂದ ವಲಸೆ ಬಂದಿದ್ದ ವಿಕ್ಟರ್ ಡೇವಿಡ್ ಬ್ರೆನ್ನರ್ ಹಿಂಬದಿಯ ಅಂಚಿನಲ್ಲಿ ವಿ.ಡಿ.ಬಿ. ಎಂದು ಮೂರಕ್ಷರ ಕೆತ್ತಿದ್ದ. ಪತ್ರಿಕೆಗಳು ಬೊಬ್ಬೆ ಹೊಡೆದವು. ಸರ್ಕಾರಿ ದುಡ್ಡಿನ ಮೇಲೆ ಖಾಸಗಿ ಜಾಹೀರಾತು! ಖಜಾನೆ ಮಂತ್ರಿ ಫ್ರಾಂಕ್ಲಿನ್ ಮ್ಯಾಕ್‌ವೇ ಮೂಲತಃ ಷಿಕಾಗೋದ ಸಗಟು ದಿನಸಿ ವ್ಯಾಪಾರಿ. ಜಾಹೀರಾತು ಅಂದ್ರೆ ಏನು ಅಂತ ಅವರಿಗೆ ಗೊತ್ತಿರಲ್ವಾ? ಕೆಲವೇ ದಿನಗಳಲ್ಲಿ ತೆಗೆಸಿಬಿಟ್ಟರು.

ಹೋಗಲಿ, ಬರೀ ಒಂದು 'ಬಿ' ಇಡೋಣ ಎಂಬ ಮಾತೂ ಬಂತು. ಅದಕ್ಕೆ ಟಂಕಸಾಲೆಯ ಮುಖ್ಯ ಕೆತ್ತನೆಗಾರ ಚಾರ್ಲ್ಸ್ ಬಾರ್ಬರ್ ಅಡ್ಡ ಬಂದರು. ಅವರು ಮಾಡಿದ ನಾಣ್ಯಗಳ ಮೇಲೆ ಆಗಲೇ ಒಂದು 'ಬಿ' ಕೂತಿತ್ತು. ಇದನ್ನೂ ಜನ ತನ್ನದೇ ಕೆಲಸ ಅಂದುಕೊಂಡರೆ ಎಂಬ ಭಯ! ಬಡಪಾಯಿ ಬ್ರೆನ್ನರ್‌ಗೆ ಸಿಕ್ಕಿದ್ದು 1,000 ಡಾಲರ್ ಮತ್ತು ಈ ಮರ್ಯಾದೆ. ಅಷ್ಟರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಮೂರಕ್ಷರದ 4,84,000 ನಾಣ್ಯ ಹೊಡೆದಾಗಿತ್ತು. ಇವತ್ತು ಸಂಗ್ರಾಹಕರು ಅದರಲ್ಲಿ ಒಂದೊಂದಕ್ಕೂ ನೂರಾರು ಡಾಲರ್ ಸುರಿಯುತ್ತಾರೆ. ಯಾವುದಕ್ಕೆ? ಅದೇ ಜಾಹೀರಾತಿಗೆ. ಅಕ್ಷರಗಳು 1918ರಲ್ಲಿ ವಾಪಸ್ ಬಂದವು, ಲಿಂಕನ್ ಭುಜದ ತುದಿಗೆ, ಭೂತಗನ್ನಡಿ ಇದ್ದರೆ ಮಾತ್ರ ಕಾಣುವಷ್ಟು ದೊಡ್ಡದಾಗಿ.

1946ರ ಕಥೆ ಇನ್ನೂ ಚೆಂದ. ರೂಸ್‌ವೆಲ್ಟ್ ಮುಖದ ಹತ್ತು ಸೆಂಟ್ ನಾಣ್ಯದ ಮೇಲೆ ಜೆ.ಎಸ್. ಎಂದಿತ್ತು. ಕೆತ್ತಿದವರು ಜಾನ್ ಸಿನ್ನಾಕ್. ಜನ ಓದಿದ್ದು ಜೋಸೆಫ್ ಸ್ಟಾಲಿನ್! ಕ್ರೆಮ್ಲಿನ್‌ನಲ್ಲಿ ಕೂತ ಸ್ಟಾಲಿನ್ನಿಗೆ ಬೇರೆ ಕೆಲಸವಿರಲಿಲ್ಲ ನೋಡಿ, ಅಮೆರಿಕದ ಚಿಲ್ಲರೆಯಲ್ಲಿ ಸಹಿ ಹಾಕಲು ಬಂದಿದ್ದ. ಸರ್ಕಾರ ಸ್ಪಷ್ಟನೆ ಕೊಡಬೇಕಾಯ್ತು. ಸಿನ್ನಾಕ್ ಮಾಡಿದ ಮುಂದಿನ ನಾಣ್ಯ, ಫ್ರಾಂಕ್ಲಿನ್ ಮುಖದ ಅರ್ಧ ಡಾಲರ್, ಬಂದಾಗ ಅದರಲ್ಲಿ ಜೆ.ಆರ್.ಎಸ್. ಎಂದಿತ್ತು. 1964ರಲ್ಲಿ ಕೆನಡಿ ನಾಣ್ಯ ಬಂತು. ಗಿಲ್ರಾಯ್ ರಾಬರ್ಟ್ಸ್ ಎಂಬ ಪುಣ್ಯಾತ್ಮ ಜಿ ಮತ್ತು ಆರ್ ಸೇರಿಸಿ ಬರೆದಿದ್ದರು. ಜನರಿಗೆ ಸುತ್ತಿಗೆ, ಕುಡುಗೋಲು ಕಂಡಿತು.

ನಗಬೇಡಿ, ನಮ್ಮವರೂ ಏನೂ ಕಮ್ಮಿಯಿಲ್ಲ. 2005ರ ಸುಮಾರಿಗೆ ಬಂದ ಎರಡು ರೂಪಾಯಿಯಲ್ಲಿ ಅಡ್ಡ-ಉದ್ದ ಗೆರೆ ಇತ್ತು. ವಿವಿಧತೆಯಲ್ಲಿ ಏಕತೆ ಎಂದರು ಮಾಡಿದವರು, ಶಿಲುಬೆ ಎಂದರು ನೋಡಿದವರು. ಹತ್ತು ರೂಪಾಯಿ ನಾಣ್ಯವನ್ನಂತೂ ನಮ್ಮ ಅಂಗಡಿಯವರು ಇವತ್ತಿಗೂ ವಿಷದ ಹಾಗೆ ನೋಡುತ್ತಾರೆ. ಹದಿನಾಲ್ಕು ವಿನ್ಯಾಸವೂ ಚಲಾವಣೆಯಲ್ಲಿವೆ ಎಂದು ರಿಸರ್ವ್ ಬ್ಯಾಂಕ್ 2018ರಲ್ಲೇ ಹೇಳಿತು. ಕೇಳೋರು ಯಾರು?

ಸುಮಾರು ಏಳೂವರೆ ನೂರು ವರ್ಷದ ಹಿಂದೆ ಇದೇ ನೆಲದಲ್ಲಿ ಮಲ್ಲಿತಮ್ಮ ಎಂಬ ರೂವಾರಿ ಸೋಮನಾಥಪುರದ ಮೂರ್ತಿಗಳ ಪೀಠದಲ್ಲಿ ಹೆಸರು ಕೆತ್ತಿದ. ಕೆಲವು ಕಡೆ 'ಮಲ್ಲಿ', ಕೆಲವು ಕಡೆ ಬರೀ 'ಮ'. ದೇವರ ಕಾಲ ಕೆಳಗೇ! ಹೊಯ್ಸಳ ದೊರೆ ಆಸ್ಥಾನ ಕರೆದು ಇದು ಖಾಸಗಿ ಜಾಹೀರಾತು, ಉಜ್ಜಿ ಹಾಕು ಅನ್ನಲಿಲ್ಲ. ಹಿಂದುಳಿದ ಕಾಲ, ಪಾಪ.

ಈಗ ನಾವು ಮುಂದುವರಿದಿದ್ದೇವೆ. 2025ರ ಅಕ್ಟೋಬರ್‌ನಲ್ಲಿ ಅಮೆರಿಕದ ಖಜಾನೆಯವರು ಒಂದು ಡಾಲರ್ ನಾಣ್ಯದ ಕರಡು ತೋರಿಸಿದರು. ಅಧಿಕಾರದಲ್ಲಿರುವ ಅಧ್ಯಕ್ಷ ಟ್ರಂಪ್ ಅವರೇ ಎರಡೂ ಬದಿಗೆ. ಮೂರಕ್ಷರ ಜಾಹೀರಾತಾದರೆ ಇದು ದೇಶಭಕ್ತಿ.

ಇಲ್ಲೂ ಅಷ್ಟೇ. ಮೋರಿಗೊಂದು ಗ್ರಾನೈಟ್ ಕಲ್ಲು, ಅದರ ಮೇಲೆ ಮಂತ್ರಿ, ಸಂಸದ, ಶಾಸಕ, ಅಧ್ಯಕ್ಷ, ಉಪಾಧ್ಯಕ್ಷ, 'ಘನ ಉಪಸ್ಥಿತಿ' ಎಂದು ಇನ್ನೊಂದು ಡಜನ್ ಜನ. ಎಲ್ಲಾ ನಮ್ಮದೇ ತೆರಿಗೆ ದುಡ್ಡು. ಸಾಕಾಗಿಹೋಗಿದೆ ಸ್ವಾಮಿ ಈ ಹೆಸರುಗಳನ್ನು ಓದಿ ಓದಿ. ಬಿಸಿಲಲ್ಲಿ ಗಾರೆ ಕಲಸಿದವನ ಒಂದಕ್ಷರ ಆ ಕಲ್ಲಿನ ಮೂಲೆಯಲ್ಲೂ ಇಲ್ಲ. ಹಾಕಿ ನೋಡಲಿ, ಬಿಲ್ ಪಾಸಾಗುತ್ತಾ?

ಬಸ್ ತಂಗುದಾಣಕ್ಕೆ ಹೋದರೆ ಶಾಸಕರ ಹೆಸರು ಆಳೆತ್ತರಕ್ಕಿದೆ. ಊರ ಹೆಸರು ಎಲ್ಲಿದೆ ಅಂತ ಹುಡುಕುವಷ್ಟರಲ್ಲಿ ಬಸ್ ಹೋಗಿರುತ್ತದೆ.