ಗುಡ್ಡದ ಗಾಳಿ, ತಗ್ಗಿನ ಗಾಳಿ

ಕಳೆದ ಚಳಿಗಾಲದ ಒಂದು ಬೆಳಿಗ್ಗೆ ಕಾಫಿ ಲೋಟ ಹಿಡಿದು ಬಾಗಿಲು ತೆಗೆದೆ. ಕೊಳೆತ ಮೊಟ್ಟೆಯ ವಾಸನೆ ಗಪ್ಪಂತ ಮೂಗಿಗೆ ಹೊಡೆಯಿತು. ಪಕ್ಕದ ಮನೆಯ ಅಜ್ಜಿ ಮೆಟ್ಟಿಲ ಮೇಲೆ ನಿಂತು ಫೋನ್ ಒತ್ತುತ್ತಿದ್ದರು. "ಇವತ್ತು ಐದಕ್ಕೆ ಐದು. ನೀವೂ ಬರೆಯಿರಿ" ಅಂದರು.

ನಾನಿರುವುದು ಅಮೆರಿಕದ ಪಿಟ್ಸ್‌ಬರ್ಗ್ ಹತ್ತಿರ, ಮನಾಂಗಹೇಲಾ ನದಿಯ ಕಣಿವೆಯಲ್ಲಿ. ಇಲ್ಲಿ 2016ರಲ್ಲಿ 'ಸ್ಮೆಲ್ ಪಿಟ್ಸ್‌ಬರ್ಗ್' ಅನ್ನೋ ಆಪ್ ಬಂತು. ವಾಸನೆಗೆ 1ರಿಂದ 5ರವರೆಗೆ ಅಂಕ ಕೊಟ್ಟರೆ ದೂರು ಕೌಂಟಿಯ, ಅಂದರೆ ಇಲ್ಲಿನ ಜಿಲ್ಲೆಯ, ಆರೋಗ್ಯ ಇಲಾಖೆಗೆ ಹೋಗುತ್ತದೆ.

ಆಗಲೇ ಸ್ಕ್ವಿರಲ್ ಹಿಲ್ ಗುಡ್ಡದ ಮೇಲಿನ ಗೆಳೆಯನಿಗೆ ಫೋನ್ ಮಾಡಿದೆ. "ವಾಸನೆನಾ? ಏನೂ ಇಲ್ವಲ್ಲ" ಅಂದ. ರಾತ್ರಿ ತಣ್ಣನೆ ಗಾಳಿ ಕಣಿವೆಯ ತಳಕ್ಕಿಳಿಯುತ್ತದೆ, ಬೆಚ್ಚನೆ ಗಾಳಿ ಮೇಲೆ ಮುಚ್ಚಳದ ಹಾಗೆ ಕೂರುತ್ತದೆ. ಕಾರ್ಖಾನೆಯ ಹೊಗೆ ನಮ್ಮ ಬೀದಿಯಲ್ಲೇ ಸುತ್ತುತ್ತದೆ. ಬಿಸಿಲೇರಿದ ಮೇಲೇ ಬಿಡುಗಡೆ. ಇದೇ ನದಿಯ ದಂಡೆಯ ಡೊನೋರಾದಲ್ಲಿ 1948ರ ಅಕ್ಟೋಬರಿನಲ್ಲಿ ಹೊಗೆ ಹೀಗೇ ಕದಲದೆ ನಿಂತು 20 ಜನ ಸತ್ತರು.

ನನಗೆ ಬೆಂಗಳೂರಿನ ದಾಸರಹಳ್ಳಿ ನೆನಪಾಯಿತು. ಅಲ್ಲಿ ನಮ್ಮಣ್ಣನ ಮನೆ, ಬೆನ್ನಿಗೇ ಪೀಣ್ಯ ಕೈಗಾರಿಕಾ ಪ್ರದೇಶ. ಸಂಜೆ ಶೆಡ್‌ಗಳ ಘಾಟು ಬಂದರೆ ಅಮ್ಮ ಕಿಟಕಿ ಮುಚ್ಚಿ ಎರಡು ಊದುಬತ್ತಿ ಹಚ್ಚುತ್ತಾರೆ. ಕಿಟಕಿ ಸರಳಿನ ಮೇಲೆ ಬೆರಳಾಡಿಸಿದರೆ ಕರೀ ಜಿಡ್ಡು. "ಯಾರಿಗಾದ್ರೂ ಹೇಳಿದ್ಯಾ?" ಅಂತ ಕೇಳಿದರೆ ಅಣ್ಣ, "ಇಷ್ಟು ವರ್ಷ ಅಡ್ಜಸ್ಟ್ ಆಗಿಲ್ವೇನೋ, ಸುಮ್ನಿರು" ಅಂತಾನೆ. ಜಯನಗರದ ಚಿಕ್ಕಮ್ಮನಿಗೆ ಬೆಂಗಳೂರು ಹವಾ ಅಂದ್ರೆ ಹವಾ. ಅವರ ಬೀದಿಯ ಮರಗಳ ಕೆಳಗೆ ಅದು ನಿಜವೇ. ಇಡೀ ಊರಿನ ಗಾಳಿಗೆ ಒಂದೇ ಸರಾಸರಿ ಅಂಕಿ ಕೊಟ್ಟಾಗ ಚಿಕ್ಕಮ್ಮನ ಮರವೂ ಅಮ್ಮನ ಕಿಟಕಿಯೂ ಅದರಲ್ಲಿ ಕಲಸಿಹೋಗುತ್ತವೆ, ಅಲ್ವಾ?

ನನಗೆ ಸಿಟ್ಟು ಬರುವುದು ಇಲ್ಲೇ. ಸಾರಿಗೆ ಉಪ್ಪು ಚೂರು ಜಾಸ್ತಿಯಾದರೆ ಮನೆಮಂದಿಯೆಲ್ಲ ಮಾತಾಡುತ್ತಾರೆ. ದಿನಾ ಎಳೆದುಕೊಳ್ಳುವ ಉಸಿರಿನ ಬಗ್ಗೆ ಯಾರಿಗೂ ಬಾಯಿಲ್ಲ.

ಅಜ್ಜಿ ಇಷ್ಟು ವರ್ಷ ದೂರು ಬರೆದರೂ ವಾಸನೆ ಹೋಗಿಲ್ಲ, ಅದನ್ನು ಒಪ್ಪಲೇಬೇಕು. ಇಲ್ಲೂ ತಗ್ಗಿನಲ್ಲೇ ಬಾಡಿಗೆ ಕಡಿಮೆ, ನಾನು ಬಂದಿದ್ದೂ ಅದಕ್ಕೇ. ಅಣ್ಣನಿಗೆ ಸಂಬಳ ಬರುವುದು ಅಂಥದ್ದೇ ಒಂದು ಶೆಡ್‌ನಿಂದ. ದೂರ ಕೂತವನಿಗೆ ಅದು ಬೇಗ ಮರೆತುಹೋಗುತ್ತದೆ.

ಆದರೂ ಹೋದ ತಿಂಗಳು ಅಮ್ಮನಿಗೆ ಹೇಳಿದೆ, ಘಾಟು ಬಂದ ದಿನ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕ ಒಂದು ಗೀಟು ಹಾಕು ಅಂತ. ನಿನ್ನೆ ಫೋನಿನಲ್ಲಿ ಎಣಿಸಿ ಹೇಳಿದರು: "ಹನ್ನೊಂದು ಕಣೋ."