ಬಿಸಿ ಬಾಚಣಿಗೆ ಕಂಡುಹಿಡಿದದ್ದು ಮೇಡಂ ವಾಕರ್ ಅಲ್ಲ

ಕೂದಲು ನೇರ ಮಾಡುವ ಬಿಸಿ ಬಾಚಣಿಗೆಯನ್ನು ಕಂಡುಹಿಡಿದವರು ಅಮೆರಿಕದ ಕಪ್ಪು ಮಹಿಳೆ ಮೇಡಂ ಸಿ. ಜೆ. ವಾಕರ್ ಅನ್ನೋ ಫಾರ್ವರ್ಡ್ ನಿಮಗೂ ಬಂದಿರಬಹುದು. ಅದು ತಪ್ಪು. ಅಂಥ ಬಾಚಣಿಗೆ 19ನೇ ಶತಮಾನದಲ್ಲೇ ಫ್ರಾನ್ಸ್‌ನಲ್ಲಿ ಬಳಕೆಯಲ್ಲಿತ್ತು. ವಾಕರ್ ಅದನ್ನು ಬಳಸಿದರು, ಅಷ್ಟೇ.

ಅವರು ನಿಜವಾಗಿ ಮಾಡಿದ್ದು ಇದಕ್ಕಿಂತ ದೊಡ್ಡದು ಅಲ್ವಾ? 1867ರಲ್ಲಿ ಲೂಯಿಸಿಯಾನದಲ್ಲಿ ಹುಟ್ಟಿದ ಸಾರಾ ಬ್ರೀಡ್‌ಲವ್ (ವಾಕರ್ ಅವರ ಹುಟ್ಟು ಹೆಸರು) 7ನೇ ವಯಸ್ಸಿಗೇ ತಬ್ಬಲಿಯಾದರು. ವರ್ಷಗಟ್ಟಲೆ ಬೇರೆಯವರ ಬಟ್ಟೆ ಒಗೆದರು. ನೆತ್ತಿಯ ತೊಂದರೆಯಿಂದ ಅವರ ಕೂದಲೇ ಉದುರತೊಡಗಿತ್ತು. ಮೊದಲು ಕೂದಲ ಆರೈಕೆಯ ಸರಕು ತಯಾರಿಸುತ್ತಿದ್ದ ಉದ್ಯಮಿ ಆನಿ ಮಲೋನ್ ಅವರ ಸರಕು ಮಾರಿದರು. ಆಮೇಲೆ ಗಂಧಕ ಬೆರೆಸಿದ ತಮ್ಮದೇ ಮುಲಾಮಿನ ಡಬ್ಬಿ ಹಿಡಿದು ಮನೆಮನೆ ಸುತ್ತಿದರು. 1910ರಲ್ಲಿ ಇಂಡಿಯಾನಾಪೊಲಿಸ್‌ಗೆ ಬಂದು ಕಾರ್ಖಾನೆ ಕಟ್ಟಿದರು. ಸಾವಿರಾರು ಕಪ್ಪು ಹೆಂಗಸರು ಅವರ ಸರಕು ಮಾರಿ ಸ್ವಂತ ದುಡ್ಡು ಕಂಡರು.