ಪಿಆರ್‌ಗೆ ಬರುವವರು ಮೊದಲು ಬರೆಯಲು ಕಲಿಯಲಿ

‘ನನಗೆ ಜನರ ಜೊತೆ ಬೆರೆಯೋದು ಇಷ್ಟ, ಅದಕ್ಕೇ ಪಿಆರ್’ ಅನ್ನುತ್ತಾ ಸಾರ್ವಜನಿಕ ಸಂಪರ್ಕ (ಪಿಆರ್) ಕ್ಷೇತ್ರಕ್ಕೆ ಬರುವ ಹೊಸಬರು ಬಹಳ. ಆ ಗುಣ ಇರಲಿ, ಆದರೆ ಇಲ್ಲಿ ಕೈಹಿಡಿಯುವುದು ಬರವಣಿಗೆ. 1906ರಲ್ಲಿ ಅಮೆರಿಕದ ಅಟ್ಲಾಂಟಿಕ್ ಸಿಟಿಯಲ್ಲಿ ರೈಲು ಅಪಘಾತವಾದಾಗ ಪಿಆರ್ ವೃತ್ತಿಯ ಮೊದಲಿಗರಲ್ಲೊಬ್ಬರಾದ ಐವಿ ಲೀ ಮಾಡಿದ್ದೂ ಅದನ್ನೇ. ರೈಲ್ವೆ ಕಂಪನಿ ಸುದ್ದಿ ಮುಚ್ಚಿಡುವ ಬದಲು ತಾನೇ ವಿವರ ಬರೆದು ಪತ್ರಿಕೆಗಳಿಗೆ ಕೊಡುವಂತೆ ಮಾಡಿದರು. ಮೊದಲ ಪತ್ರಿಕಾ ಪ್ರಕಟಣೆ ಎಂದು ಸಾಮಾನ್ಯವಾಗಿ ಹೇಳುವುದು ಅದನ್ನೇ.

ಪ್ರೆಸ್ ನೋಟ್ ಒಂದು ಪುಟ ದಾಟಬಾರದು, 300-400 ಪದ ಸಾಕು. ಯಾರು, ಏನು, ಎಲ್ಲಿ, ಯಾವಾಗ, ಏಕೆ ಎಂಬುದು ಮೊದಲ ಪ್ಯಾರಾದಲ್ಲೇ ಮುಗಿಯಲಿ. ಜಾಗ ಸಾಲದಿದ್ದರೆ ಪತ್ರಿಕೆಯ ಡೆಸ್ಕ್‌ನವರು ಕತ್ತರಿ ಹಾಕುವುದು ಕೆಳಗಿನಿಂದ. ಮುಖ್ಯ ವಿಷಯ ಐದನೇ ಪ್ಯಾರಾದಲ್ಲಿದ್ದರೆ ಮೊದಲು ಹೋಗುವುದೇ ಅದು. ‘ಅತೀವ ಹರ್ಷವಾಗುತ್ತಿದೆ’ ಎಂಬ ಹೇಳಿಕೆಯಿಂದ ವರದಿಗಾರರಿಗೆ ಏನೂ ಸಿಗದು. ನಿರ್ಧಾರ ಯಾಕೆ ತೆಗೆದುಕೊಂಡಿರಿ ಎಂಬುದನ್ನು ಮುಖ್ಯಸ್ಥರ ಬಾಯಲ್ಲಿ ಹೇಳಿಸಿ. ಕೊನೆಯಲ್ಲಿ ಕೊಡುವ ನಂಬರ್, ಕರೆ ಬಂದಾಗ ನಿಜವಾಗಿ ಫೋನ್ ಎತ್ತುವವರದ್ದಾಗಿರಲಿ.

ಇನ್ನೂರು ಜನರಿಗೆ ಒಂದೇ ಮೇಲ್ ಕಳಿಸುವುದು ಶುದ್ಧ ಸೋಮಾರಿತನ. ನಿಮ್ಮ ವಿಷಯದ ಸುದ್ದಿ (ಬೀಟ್) ನೋಡುವ ಹತ್ತು-ಹದಿನೈದು ವರದಿಗಾರರನ್ನು ಗುರುತಿಸಿ, ಅವರ ಇತ್ತೀಚಿನ ನಾಲ್ಕೈದು ವರದಿ ಓದಿ, ಆಮೇಲೆ ಬರೆಯಿರಿ. ಪುಟ ಕಟ್ಟುವ ಹೊತ್ತಿನಲ್ಲಿ ಫೋನ್ ಮಾಡಬೇಡಿ. ನೆನಪಿಸುವುದು ಒಂದೇ ಸಲ, ಅದೂ ಹೊಸ ಮಾಹಿತಿಯೊಂದಿಗೆ.

ಎಲ್ಲಕ್ಕಿಂತ ಕಷ್ಟದ್ದು ಕ್ಲೈಂಟ್‌ಗೆ ‘ಇದು ಸುದ್ದಿಯಲ್ಲ’ ಅನ್ನುವುದು. ಹೇಳದೆ ಸುಮ್ಮನೆ ಕಳಿಸಿದರೆ ನಿಮ್ಮ ಮುಂದಿನ ಮೇಲ್ ಅನ್ನು ವರದಿಗಾರರು ತೆರೆಯುವುದೇ ಇಲ್ಲ, ಅದರಲ್ಲಿ ನಿಜವಾದ ಸುದ್ದಿ ಇದ್ದರೂ.

ಅವಘಡವಾದಾಗ ಮೊದಲ ಗಂಟೆಗೆ ಮೂರು ಸಾಲು ಸಾಕು: ಖಚಿತವಾಗಿರುವುದೇನು, ಈಗ ಏನು ಮಾಡುತ್ತಿದ್ದೇವೆ, ಮುಂದಿನ ಮಾಹಿತಿ ಎಷ್ಟು ಹೊತ್ತಿಗೆ. ಕಾರಣವನ್ನು ಊಹಿಸಿ ಹೇಳಬೇಡಿ. ತನಿಖೆಯಲ್ಲಿ ಬೇರೆ ಬಂದರೆ ಅದನ್ನು ಸುಳ್ಳೆಂದೇ ಓದುತ್ತಾರೆ. ಹೇಳಿದ ಹೊತ್ತಿಗೆ ಹೊಸದೇನೂ ಇಲ್ಲದಿದ್ದರೂ ಅಷ್ಟನ್ನೇ ತಿಳಿಸಿ.

ಬಂದ ಸುದ್ದಿಯ ಅಳತೆಯನ್ನು ಜಾಹೀರಾತು ದರಕ್ಕೆ ಗುಣಿಸಿ ‘ಇಷ್ಟು ಮೌಲ್ಯದ ಪ್ರಚಾರ’ ಎಂದು ತೋರಿಸುವ ಚಾಳಿ ಇನ್ನೂ ಹೋಗಿಲ್ಲ. ಆ ಲೆಕ್ಕ ಪಿಆರ್‌ನ ಮೌಲ್ಯವಲ್ಲ ಎಂದು, ಈ ಕೆಲಸದ ಫಲ ಅಳೆಯುವುದು ಹೇಗೆಂದು ವೃತ್ತಿಯವರೇ ಒಪ್ಪಿಕೊಂಡ 2010ರ ಬಾರ್ಸಿಲೋನಾ ತತ್ವಗಳೇ ಸ್ಪಷ್ಟವಾಗಿ ಹೇಳಿವೆ. ಎಷ್ಟು ಜನ ನೋಂದಾಯಿಸಿದರು, ದೂರಿನ ಕರೆ ಇಳಿಯಿತೇ, ಜನರ ತಪ್ಪು ತಿಳಿವಳಿಕೆ ಬದಲಾಯಿತೇ ಎಂಬುದನ್ನು ನೋಡಿ. ಅದಕ್ಕೆ ಬೇಕಾದ ಅಂಕಿಗಳನ್ನು ಪ್ರಚಾರ ಶುರುವಾಗುವ ಮೊದಲೇ ತೆಗೆದಿಟ್ಟುಕೊಳ್ಳಬೇಕು. ಮುಗಿದ ಮೇಲೆ ಹುಡುಕಹೊರಟರೆ ಹೋಲಿಸಲು ಏನೂ ಉಳಿದಿರುವುದಿಲ್ಲ.